ಪ್ರಸಾದದ ಹಣ್ಣು, ಔಷಧದ ಗುಳಿಗೆ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಾರ್ಪಿತವಾದ ಹಣ್ಣು, ಹಾಲು, ಔಷಧ ಎಲ್ಲವೂ ಭಕ್ತನಿಗೆ ಪ್ರಸಾದವೇ. ಆದರೆ ಷಟ್‌ಸ್ಥಲದಲ್ಲಿ ಪ್ರಸಾದಿಸ್ಥಲಕ್ಕೆ ಹೇಳಿರುವುದು ಅವಧಾನಭಕ್ತಿ. ಸ್ವೀಕರಿಸುವುದನ್ನು ಎಚ್ಚರದಿಂದ ಸ್ವೀಕರಿಸಬೇಕೆಂಬುದೇ ಅದರ ತಾತ್ಪರ್ಯ. ಹಿರಿಯರಿಗೆ ಗುಳಿಗೆಯ ಕಹಿ ತಿಳಿಯದಿರಲೆಂದು ಪ್ರೀತಿಯಿಂದ ಹಣ್ಣಿನ ರಸದೊಡನೆ ಕೊಡುವ ಮನೆಗಳಲ್ಲಿಯೂ ಈ ಅವಧಾನ ಅಗತ್ಯ.

ಕೆನಡಾ ದೇಶದಲ್ಲಿ ಡೇವಿಡ್ ಬೇಲಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ರಕ್ತದೊತ್ತಡದ ಫೆಲೋಡಿಪಿನ್ ಔಷಧದ ಮೇಲೆ ಮದ್ಯದ ಪರಿಣಾಮವೇನೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಆಗ ರಕ್ತದಲ್ಲಿ ಔಷಧದ ಪ್ರಮಾಣ ಅನಿರೀಕ್ಷಿತವಾಗಿ ಏರಿತ್ತು. ಕಾರಣ ಮದ್ಯವಲ್ಲ, ಹಣ್ಣಿನ ರಸವೆಂಬುದನ್ನು ಅವರು 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿದರು.

ನಮ್ಮ ಕರುಳಿನ ಒಳಪದರದಲ್ಲಿರುವ ಒಂದು ಕಿಣ್ವವು ಕೆಲವು ಔಷಧಗಳ ಬಹುಭಾಗವನ್ನು ರಕ್ತ ಸೇರುವ ಮೊದಲೇ ಒಡೆಯುತ್ತದೆ. ವೈದ್ಯರು ಪ್ರಮಾಣ ನಿರ್ಧರಿಸುವುದು ಇದನ್ನು ಲೆಕ್ಕವಿಟ್ಟೇ. ಗ್ರೇಪ್‌ಫ್ರೂಟಿನಲ್ಲಿರುವ ಫ್ಯುರಾನೋಕೂಮರಿನ್ ಎಂಬ ದ್ರವ್ಯಗಳು ಆ ಕಿಣ್ವವನ್ನೇ ಕೆಡಿಸುತ್ತವೆ. ಆಗ ಒಂದು ಗುಳಿಗೆ ಹಲವು ಗುಳಿಗೆಗಳಂತೆ ವರ್ತಿಸಬಹುದು. ರಕ್ತದೊತ್ತಡ ಅತಿಯಾಗಿ ಇಳಿಯಬಹುದು. ಕೊಲೆಸ್ಟರಾಲ್ ತಗ್ಗಿಸುವ ಸಿಮ್ವಾಸ್ಟಾಟಿನ್‌ನಂಥ ಔಷಧವಾದರೆ ಸ್ನಾಯುಗಳಿಗೆ, ಅಪರೂಪವಾಗಿ ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ಈ ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುವುದರಿಂದ ರಸ ಬೆಳಿಗ್ಗೆ, ಗುಳಿಗೆ ರಾತ್ರಿ ಎಂಬ ಉಪಾಯ ಸಾಲದು.

ಹೆಸರಿನಿಂದ ಭ್ರಮಿಸಬೇಡಿ; ಇದು ದ್ರಾಕ್ಷಿಯಲ್ಲ, ನಿಂಬೆಯ ಕುಲದ ದೊಡ್ಡ ಹಣ್ಣು. ಚಕ್ಕೋತ ಮತ್ತು ಕಿತ್ತಳೆಗಳ ಬೆರಕೆಯಿಂದ ಹುಟ್ಟಿದ್ದು. ದೇವನಹಳ್ಳಿಯ ಹೆಸರು ಬೆಳಗಿಸಿದ ನಮ್ಮ ಚಕ್ಕೋತದಲ್ಲಿಯೂ ಆ ದ್ರವ್ಯಗಳು ಇರಬಲ್ಲವು. ಆದ್ದರಿಂದ ಇಂಥ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಅದನ್ನು ತಿನ್ನುವುದು ಲೇಸು.

ಇದಕ್ಕೆ ವಿರುದ್ಧವಾದ ಪರಿಣಾಮವೂ ಉಂಟು. ಸೇಬು, ಕಿತ್ತಳೆಗಳ ರಸವು ಅಲರ್ಜಿಯ ಫೆಕ್ಸೋಫೆನಡಿನ್, ರಕ್ತದೊತ್ತಡದ ಅಟೆನೊಲಾಲ್ ಗುಳಿಗೆಗಳು ರಕ್ತ ಸೇರುವುದನ್ನು ತಗ್ಗಿಸುತ್ತದೆ. ನುಂಗಿದ ಔಷಧ ಆಗ ಪೂರ್ಣ ಫಲ ಕೊಡದು. ಹಾಗೆಂದು ರಸವೆಲ್ಲ ಔಷಧಕ್ಕೆ ವೈರಿಯಲ್ಲ. ಕಬ್ಬಿಣಾಂಶದ ಗುಳಿಗೆಗೆ ನಿಂಬೆರಸದ ‘ಸಿ’ ಜೀವಸತ್ವ ಸಹಾಯಕವೇ.

ಆದುದರಿಂದ ಗೃಹಿಣಿಯರೂ ಮಕ್ಕಳೂ ನೆನಪಿಡಬೇಕಾದುದು ಇಷ್ಟೆ: ವೈದ್ಯರು ಬೇರೆ ಹೇಳದಿದ್ದರೆ ಗುಳಿಗೆಯನ್ನು ನೀರಿನೊಡನೆಯೇ ಕೊಡಿರಿ. ಹೊಸ ಔಷಧ ಬರೆಸಿಕೊಂಡಾಗ ಹಿರಿಯರು ಸೇವಿಸುವ ಹಣ್ಣುಗಳನ್ನೂ ವೈದ್ಯರಿಗೆ ತಿಳಿಸಿರಿ. ಹೆದರಿ ಔಷಧವನ್ನು ತಾವಾಗಿ ನಿಲ್ಲಿಸಬೇಡಿರಿ. ಅರಿವಿಲ್ಲದ ಅಕ್ಕರೆ ಅಪಾಯ ತಂದೀತು. ಅರಿವು ಬೆರೆತ ಅಕ್ಕರೆಯೇ ನಿಜವಾದ ದಾಸೋಹ.