ಬಿಲ್ಬಿಯ ಹೆಸರಿನಲ್ಲೊಂದು ಲೋಕಸಂಚಾರ

ಹಗಲೆಲ್ಲ ಬಿಲದಲ್ಲಿದ್ದು, ಕತ್ತಲಾದ ಮೇಲಷ್ಟೇ ಹೊರಬರುವ ಸಂಕೋಚದ ಪ್ರಾಣಿ ಆಸ್ಟ್ರೇಲಿಯಾದ ಬಿಲ್ಬಿ. ಅದರ ಪುಟ್ಟ ಗೊಂಬೆಯೊಂದು ಕೊರಳಿಗೆ ಲೋಹದ ಬಿಲ್ಲೆ ಕಟ್ಟಿಕೊಂಡು, ಅಪರಿಚಿತರ ಕೈಯಿಂದ ಕೈಗೆ ದಾಟುತ್ತಾ ದೇಶ ಸುತ್ತಿದರೆ ಹೇಗಿರುತ್ತದೆ? ಜಿಯೋಕ್ಯಾಶಿಂಗ್ ಎಂಬ ಆಧುನಿಕ ನಿಧಿಶೋಧದ ಆಟದಲ್ಲಿ ಇದು ಸಾಧ್ಯ. ಇಂಥ ಸಂಚಾರಿ ವಸ್ತುಗಳನ್ನು ಅಲ್ಲಿ ‘ಟ್ರ್ಯಾಕಬಲ್’ ಎನ್ನುತ್ತಾರೆ.

ಈ ಆಟ ಹುಟ್ಟಿದ್ದು 2000ದ ಮೇ ತಿಂಗಳಿನಲ್ಲಿ. ನಾಗರಿಕರಿಗೆ ದೊರೆಯುತ್ತಿದ್ದ ಜಿಪಿಎಸ್ ಸಂಕೇತಗಳ ನಿಖರತೆಯನ್ನು ಬೇಕೆಂದೇ ತಗ್ಗಿಸುವ ಕ್ರಮವನ್ನು ಅಮೆರಿಕ ಸರ್ಕಾರ ಆಗಷ್ಟೇ ಕೈಬಿಟ್ಟಿತ್ತು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಓರೆಗಾನ್ ರಾಜ್ಯದಲ್ಲಿ ಬಕೆಟ್ಟೊಂದನ್ನು ಅಡಗಿಸಿಟ್ಟು, ಆ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹುಡುಕಿದವರು ಏನಾದರೊಂದು ವಸ್ತುವನ್ನು ತೆಗೆದುಕೊಂಡು, ಬದಲಿಗೆ ಮತ್ತೊಂದನ್ನು ಇಟ್ಟು ಬರಬೇಕೆಂಬುದು ನಿಯಮವಾಗಿತ್ತು.

ಟ್ರ್ಯಾಕಬಲ್‌ನ ರೀತಿಯೇ ಬೇರೆ. ಅದನ್ನು ಸಿಕ್ಕವರು ಇಟ್ಟುಕೊಳ್ಳುವಂತಿಲ್ಲ; ಮುಂದಿನ ಪೆಟ್ಟಿಗೆಗೆ ತಲುಪಿಸಬೇಕು. ಬಿಲ್ಲೆಯ ಮೇಲಿನ ಸಂಕೇತವನ್ನು ಅಂತರ್ಜಾಲ ತಾಣದಲ್ಲಿ ನಮೂದಿಸಿದರೆ ಪಯಣದ ದಾಖಲೆ ಬೆಳೆಯುತ್ತದೆ, ಕ್ರಮಿಸಿದ ದೂರದ ಲೆಕ್ಕವೂ ಸಿಗುತ್ತದೆ. ವಸ್ತುವನ್ನು ಕಣ್ಣಾರೆ ಕಂಡವರಿಗಷ್ಟೇ ತಿಳಿದಿರಬೇಕಾದ ಈ ಸಂಕೇತವನ್ನು ಬಹಿರಂಗಪಡಿಸಬಾರದು. ‘ಸಮುದ್ರ ತೋರಿಸಿ’, ‘ತವರಿಗೆ ಮರಳಿಸಿ’ ಎಂಬಂಥ ಗುರಿಯನ್ನು ಒಡೆಯರೇ ಸೂಚಿಸಬಹುದು. ಗೊಂಬೆ ತಮ್ಮ ನಾಡಿನ ಪ್ರಾಣಿಯದ್ದಾದರೆ, ಅದರ ಪುಟದಲ್ಲಿ ಆ ಪ್ರಾಣಿಯ ಕಥೆಯನ್ನೂ ಬರೆಯಲು ಅವಕಾಶವಿದೆ.

ಬಿಲ್ಬಿಯ ಮಟ್ಟಿಗೆ ಆ ಕಥೆ ನೋವಿನದು. ಕಾಂಗರೂವಿನಂತೆ ಇದೂ ಮರಿಯನ್ನು ಹೊಟ್ಟೆಚೀಲದಲ್ಲಿ ಬೆಳೆಸುವ ಸಸ್ತನಿ. ನೆಲ ಅಗೆಯುವಾಗ ಮಣ್ಣು ಒಳಸೇರದಂತೆ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಒಂದು ಕಾಲಕ್ಕೆ ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಸುಮಾರು ಶೇ 70ರಷ್ಟು ಪ್ರದೇಶದಲ್ಲಿದ್ದ ಬಿಲ್ಬಿಗೆ ಇಂದು ಆ ನೆಲೆಯ ಐದನೇ ಒಂದು ಭಾಗದಷ್ಟು ಮಾತ್ರ ಉಳಿದಿದೆ. ಅದರ ಸಮೀಪದ ಬಂಧು ಕಿರು ಬಿಲ್ಬಿ ಕಳೆದ ಶತಮಾನದಲ್ಲೇ ಅಳಿದುಹೋಯಿತು. ಯುರೋಪಿನವರು ತಂದ ನರಿ ಮತ್ತು ಬೆಕ್ಕುಗಳು ಬಿಲ್ಬಿಯನ್ನು ಬೇಟೆಯಾಡಿದರೆ, ಮೊಲಗಳು ಆಹಾರಕ್ಕೆ ಪೈಪೋಟಿಗಿಳಿದವು. ಆದ್ದರಿಂದಲೇ ಅಲ್ಲಿ ಈಸ್ಟರ್ ಹಬ್ಬಕ್ಕೆ ಚಾಕೊಲೇಟ್ ಮೊಲದ ಬದಲು ಚಾಕೊಲೇಟ್ ಬಿಲ್ಬಿ ಕೊಳ್ಳಿರೆಂಬ ಪ್ರಚಾರ ನಡೆಯುತ್ತ ಬಂದಿದೆ.

ರಕ್ಷಣೆಗೆ ಬೇಲಿಯೂ ಎದ್ದಿತು. ಕ್ವೀನ್ಸ್‌ಲ್ಯಾಂಡಿನ ಕರ್ರವಿನ್ಯಾ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಪ್ರಾಣಿಗಳು ನುಸುಳದಂತೆ ಬೇಲಿ ಹಾಕಿ, 2005ರಲ್ಲಿ ಒಳಗೆ ಬಿಲ್ಬಿಗಳನ್ನು ಬಿಡಲಾಯಿತು. ನೆರೆಯಿಂದ ಬೇಲಿ ಹಾಳಾಗಿ ಕಾಡುಬೆಕ್ಕುಗಳು ಒಳನುಗ್ಗಿರುವುದು 2012ರಲ್ಲಿ ಪತ್ತೆಯಾಯಿತು. ವರ್ಷಗಳ ಶ್ರಮ ನೀರುಪಾಲಾಯಿತು. ಬೇಲಿಯನ್ನು ಸರಿಪಡಿಸಿ, ಬೆಕ್ಕುಗಳನ್ನು ಹೊರಹಾಕಿ, ಬಿಲ್ಬಿಗಳನ್ನು ಮತ್ತೆ ಬಿಟ್ಟದ್ದು 2019ರಲ್ಲಿ.

ಪ್ರಾಣಿಯ ಹೆಸರು ಹೊತ್ತ ಆಟವು ಅದರ ನೆಲೆಗೇ ಕುತ್ತು ತರಬಾರದಷ್ಟೆ. ಪೆಟ್ಟಿಗೆಯನ್ನು ನೆಲ ಅಗೆದು ಹೂಳಬಾರದು, ವನ್ಯಜೀವಿಗಳನ್ನು ಸೆಳೆಯುವ ತಿನಿಸು ಇಡಬಾರದು, ಜಾಗದ ಮಾಲೀಕರ ಅಥವಾ ಅರಣ್ಯಾಧಿಕಾರಿಗಳ ಒಪ್ಪಿಗೆ ಪಡೆಯಬೇಕು ಎಂಬ ನಿಯಮಗಳಿಗೆ ಇಲ್ಲಿ ಹೆಚ್ಚಿನ ಅರ್ಥವಿದೆ.

ಎಷ್ಟೋ ಟ್ರ್ಯಾಕಬಲ್‌ಗಳು ನಡುದಾರಿಯಲ್ಲೇ ಕಣ್ಮರೆಯಾಗುತ್ತವೆ. ಮುದ್ದಾಗಿದೆಯೆಂದು ಯಾರೋ ಒಬ್ಬರು ಮನೆಗೊಯ್ದರೆ ಸಾಕು, ನೂರಾರು ಜನ ಮುಂದೆ ಸಾಗಿಸಿದ ಪಯಣ ಅಲ್ಲಿಗೇ ನಿಲ್ಲುತ್ತದೆ. ಗೊಂಬೆ ಕಳೆದುಹೋದರೆ ಒಡೆಯರು ಹೊಸದೊಂದನ್ನು ಕಳುಹಿಸಿಯಾರು. ಬಿಲ್ಬಿಯ ವಿಷಯದಲ್ಲಿ ಆ ಅನುಕೂಲವಿಲ್ಲ. ಪೆಟ್ಟಿಗೆ ತೆರೆದು ಗೊಂಬೆಯನ್ನು ಕೈಗೆತ್ತಿಕೊಂಡವರು ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ ಅಷ್ಟನ್ನು ತಿಳಿದುಕೊಂಡರೂ ಪ್ರಯಾಣ ಸಾರ್ಥಕ.