ಹೊಸ ಲಾರಿ ಕೊಂಡವರಿಗೆ ಡೀಸೆಲ್ ಕುರಿತು ಕೆಲವು ಸೂಚನೆಗಳು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಅಡಿಕೆ ವ್ಯಾಪಾರಿಗಳು, ಗೇರುಬೀಜದ ಕಾರ್ಖಾನೆಗಳು, ಅಕ್ಕಿ ಗಿರಣಿಗಳು, ಹಂಚು ಮತ್ತು ಕೆಂಪುಕಲ್ಲಿನ ವ್ಯವಹಾರಸ್ಥರು ಸರಕು ಸಾಗಣೆಗೆ ಬಾಡಿಗೆ ಲಾರಿಗಳನ್ನು ನೆಚ್ಚಿಕೊಳ್ಳುವುದು ವಾಡಿಕೆ. ವ್ಯವಹಾರ ಬೆಳೆದಂತೆ ಸ್ವಂತ ಲಾರಿಯೊಂದಿದ್ದರೆ ಅನುಕೂಲ ಎಂದು ಅನೇಕರಿಗೆ ತೋರುತ್ತದೆ. ಹಾಗೆ ಲಾರಿ ಕೊಳ್ಳುವವರು ಅದರ ಬೆಲೆ, ಸಾಲದ ಬಡ್ಡಿ, ತಿಂಗಳ ಕಂತು, ವಿಮೆ ಇವೆಲ್ಲವನ್ನೂ ಕೂಡಿ ಕಳೆದು ನೋಡುತ್ತಾರೆ. ಡೀಸೆಲ್ ವಿಷಯವನ್ನು ಮಾತ್ರ ಚಾಲಕನಿಗೆ ಬಿಟ್ಟು ಸುಮ್ಮನಾಗುವುದುಂಟು. ಆದರೆ ಲಾರಿ ರಸ್ತೆಗಿಳಿದ ದಿನದಿಂದ ಮಾಲೀಕನು ಮಾಡುವ ನಿತ್ಯದ ಖರ್ಚುಗಳಲ್ಲಿ ಅತಿ ದೊಡ್ಡದು ಡೀಸೆಲ್ಲೇ ಆಗಿದೆ. ಟ್ಯಾಂಕಿಗೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ, ಅದರ ಲೆಕ್ಕ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬಲ್ಲ ಮಾಲೀಕನಿಗೆ ಲಾರಿ ಆದಾಯದ ಸಾಧನ; ಬಲ್ಲದವನಿಗೆ ಅದು ಸಾಲದ ಹೊರೆ.

ಹಳೆಯ ಲಾರಿಗೂ ಹೊಸ ಲಾರಿಗೂ ಇರುವ ಅಂತರ

ದೇಶಾದ್ಯಂತ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದಿತು. ಅದರಂತೆ ಡೀಸೆಲ್‌ನಲ್ಲಿರುವ ಗಂಧಕದ ಪ್ರಮಾಣವು ದಶಲಕ್ಷಕ್ಕೆ 50 ಭಾಗಗಳಿಂದ 10 ಭಾಗಗಳಿಗೆ ಇಳಿಯಿತು. ಎಂಜಿನ್‌ಗಳೂ ಅದಕ್ಕೆ ತಕ್ಕಂತೆ ಬದಲಾದವು. ಹಳೆಯ ಎಂಜಿನ್‌ಗಳು ಅಷ್ಟಿಷ್ಟು ಕಸ, ತೇವಾಂಶಗಳನ್ನು ಸಹಿಸಿಕೊಂಡು ಓಡುತ್ತಿದ್ದವು. ಹೊಸ ಎಂಜಿನ್‌ಗಳಲ್ಲಿ ಡೀಸೆಲ್ 1,600 ಬಾರ್‌ಗೂ ಮೀರಿದ ಒತ್ತಡದಲ್ಲಿ, ಕೂದಲೆಳೆಗಿಂತ ಎಷ್ಟೋ ಕಿರಿದಾದ ಎಡೆಗಳ ಮೂಲಕ ಹಾದು ಬರುತ್ತದೆ. ಅಲ್ಲಿ ಡೀಸೆಲ್ಲೇ ಇಂಧನ, ಡೀಸೆಲ್ಲೇ ಕೀಲೆಣ್ಣೆ. ನೀರಿನ ಹನಿಯಾಗಲಿ ಧೂಳಿನ ಕಣವಾಗಲಿ ಸೇರಿದರೆ ಪಂಪು ಮತ್ತು ಇಂಜೆಕ್ಟರುಗಳು ಸವೆಯುತ್ತವೆ. ಇವುಗಳ ಬದಲಾವಣೆಗೆ ತಗಲುವ ವೆಚ್ಚ ಸಣ್ಣದಲ್ಲ. ಆ ದಿನಗಳಲ್ಲಿ ಲಾರಿ ನಿಂತೇ ಇದ್ದರೂ ಕಂತು ನಿಲ್ಲುವುದಿಲ್ಲ. ಆದುದರಿಂದ ಹಳೆಯ ಲಾರಿಯ ಅನುಭವವನ್ನು ಹೊಸ ಲಾರಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು.

ಬಂಕಿನಲ್ಲಿ ಗಮನಿಸಬೇಕಾದುದು

ಮೊದಲನೆಯದಾಗಿ, ಮೀಟರು ಸೊನ್ನೆಗೆ ಬಂದ ಮೇಲೆಯೇ ತುಂಬಿಸಲು ಹೇಳಬೇಕು. ತುಂಬಿಸಿದ ಮೇಲೆ ಲೀಟರು, ದರ ಮತ್ತು ಲಾರಿಯ ನೋಂದಣಿ ಸಂಖ್ಯೆ ಇರುವ ಬಿಲ್ಲನ್ನು ಪಡೆಯಬೇಕು. ಸಾವಿರ, ಎರಡು ಸಾವಿರ ಎಂಬ ಪೂರ್ಣ ಮೊತ್ತಕ್ಕೆ ಹಾಕಿಸಿದರೆ ಮೋಸವಾಗುತ್ತದೆ, ಬಿಡಿ ಮೊತ್ತಕ್ಕೆ ಹಾಕಿಸಿದರೆ ಆಗುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಅಳತೆಯಲ್ಲಿ ಸಂಶಯ ಬಂದರೆ ಪರೀಕ್ಷಿಸುವ ಹಕ್ಕು ಗ್ರಾಹಕನಿಗಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲಿಯೂ ಇರತಕ್ಕದ್ದು. ಅದರಲ್ಲಿ ಹಿಡಿದು ನೋಡಿದಾಗ 25 ಮಿಲಿಲೀಟರಿನವರೆಗಿನ ವ್ಯತ್ಯಾಸಕ್ಕೆ ನಿಯಮದಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚು ಕೊರತೆ ಕಂಡರೆ ಇಲಾಖೆಗೆ ದೂರು ನೀಡಬಹುದು. ಗುಣಮಟ್ಟದ ಪರೀಕ್ಷೆಗೆ ಸಾಂದ್ರತೆಯೇ ಮುಖ್ಯ ಅಳತೆಗೋಲು. ಟ್ಯಾಂಕರಿನಿಂದ ಇಳಿಸಿಕೊಂಡಾಗ ದಾಖಲಾದ ಸಾಂದ್ರತೆಗೂ ಈಗಿನ ಸಾಂದ್ರತೆಗೂ ಘನಮೀಟರಿಗೆ 3 ಕಿಲೋಗ್ರಾಮಿಗಿಂತ ಹೆಚ್ಚಿನ ಅಂತರವಿರಬಾರದು. ಈ ಪರೀಕ್ಷೆಯನ್ನೂ ಗ್ರಾಹಕರು ಕೇಳಿ ಮಾಡಿಸಬಹುದು.

ಮುಂಜಾನೆಯ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಡೀಸೆಲ್ ಸಿಗುತ್ತದೆ ಎಂಬ ಮಾತನ್ನು ಬಹಳ ಮಂದಿ ನಂಬುತ್ತಾರೆ. ಬಂಕಿನ ಸಂಗ್ರಹ ಟ್ಯಾಂಕು ನೆಲದಡಿಯಲ್ಲಿರುವುದರಿಂದ ಅಲ್ಲಿನ ಉಷ್ಣಾಂಶ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆದರೆ ಬಿಸಿಲಿನಲ್ಲಿ ನಿಲ್ಲುವ ಲಾರಿಯ ಟ್ಯಾಂಕಿನಲ್ಲಿ ಡೀಸೆಲ್ ಹಿಗ್ಗುವುದು ನಿಜ. 200 ಲೀಟರ್ ಡೀಸೆಲ್ 15 ಡಿಗ್ರಿ ಬಿಸಿಯೇರಿದರೆ ಸುಮಾರು ಎರಡೂವರೆ ಲೀಟರಿನಷ್ಟು ಉಬ್ಬುತ್ತದೆ. ನಳಿಕೆ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ಕಂಠಮಟ್ಟ ತುಂಬಿಸಿದರೆ ಆ ಭಾಗ ರಸ್ತೆಯ ಪಾಲಾಗುತ್ತದೆ. ಹಿಂದೆ ಬರುವ ದ್ವಿಚಕ್ರ ವಾಹನ ಸವಾರರಿಗೆ ಅಪಾಯವೂ ಹೌದು. ಬಂಕಿಗೆ ಟ್ಯಾಂಕರ್ ಬಂದು ಡೀಸೆಲ್ ಇಳಿಸುತ್ತಿರುವಾಗ ತುಂಬಿಸದಿರುವುದು ಉತ್ತಮ. ತಳದ ಕೆಸರು ಕದಡಿರುವ ಸಂಭವವಿರುತ್ತದೆ.

ಮಳೆಗಾಲದ ಎಚ್ಚರಿಕೆ

ಕರಾವಳಿಯ ಲಾರಿಗೆ ಮೊದಲ ಶತ್ರು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯೇ ತೇವದಿಂದ ಕೂಡಿರುತ್ತದೆ. ಟ್ಯಾಂಕು ಅರ್ಧ ಖಾಲಿಯಿದ್ದರೆ ಉಳಿದ ಜಾಗದಲ್ಲಿ ಆ ಗಾಳಿ ತುಂಬಿಕೊಂಡು, ರಾತ್ರಿಯ ತಂಪಿಗೆ ಒಳಗೋಡೆಯಲ್ಲಿ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರವಾದುದರಿಂದ ತಳ ಸೇರುತ್ತದೆ. ಅಲ್ಲಿ ತುಕ್ಕು ಹಿಡಿಯುವುದಲ್ಲದೆ, ನೀರು ಮತ್ತು ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಾಗಿ ಫಿಲ್ಟರು ಕಟ್ಟಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಸುಲಭವಾಗಿದೆ. ದಿನದ ಕೆಲಸ ಮುಗಿದ ಮೇಲೆ ಸಂಜೆಯೇ ಟ್ಯಾಂಕು ತುಂಬಿಸಿ ನಿಲ್ಲಿಸಬೇಕು. ಡೀಸೆಲ್ ಫಿಲ್ಟರಿನೊಡನಿರುವ ನೀರು ಬೇರ್ಪಡಿಸುವ ಬಟ್ಟಲಿನ ತಳದ ತಿರುಪನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಸಡಿಲಿಸಿ, ಶುದ್ಧ ಡೀಸೆಲ್ ಬರುವ ತನಕ ನೀರನ್ನು ಪಾತ್ರೆಯೊಂದಕ್ಕೆ ಇಳಿಸಬೇಕು. ನೀರಿನ ಸೂಚಕ ದೀಪ ಹೊತ್ತಿಕೊಂಡರೆ ವಾರ ಕಾಯದೆ ಅಂದೇ ಇಳಿಸತಕ್ಕದ್ದು. ಟ್ಯಾಂಕಿನ ಮುಚ್ಚಳದ ರಬ್ಬರು ಬಿರಿದಿದ್ದರೆ ಬದಲಿಸಬೇಕು. ನೇತ್ರಾವತಿ ಉಕ್ಕಿ ನೆರೆ ಬಂದ ಪ್ರದೇಶದ ಬಂಕುಗಳಲ್ಲಿ, ಸಂಗ್ರಹ ಟ್ಯಾಂಕಿನಲ್ಲಿ ನೀರಿದೆಯೇ ಎಂದು ಅಳತೆಕೋಲಿಗೆ ಲೇಪ ಹಚ್ಚಿ ನೋಡಿದ್ದಾರೆಯೇ ಎಂಬುದನ್ನು ವಿಚಾರಿಸಿಯೇ ತುಂಬಿಸುವುದು ಕ್ಷೇಮ.

ನೀಲಿ ಮುಚ್ಚಳದ ಟ್ಯಾಂಕು

ಈಗಿನ ಬಹುತೇಕ ದೊಡ್ಡ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕಿದೆ. ಇದಕ್ಕೆ ಹಾಕುವ ಡಿ.ಇ.ಎಫ್. ದ್ರಾವಣದಲ್ಲಿ ಶೇಕಡಾ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜರಹಿತ ನೀರು. ಇದು ಎಂಜಿನ್‌ಗೆ ಹೋಗುವುದಿಲ್ಲ. ಹೊಗೆಕೊಳವೆಯಲ್ಲಿ ಸಿಂಪಡಿಸಲ್ಪಟ್ಟು ವಿಷಾನಿಲವನ್ನು ನಿರುಪದ್ರವಿಯಾದ ಸಾರಜನಕ ಮತ್ತು ನೀರಾವಿಯಾಗಿ ಮಾರ್ಪಡಿಸುತ್ತದೆ. ಸಾಮಾನ್ಯವಾಗಿ 100 ಲೀಟರ್ ಡೀಸೆಲ್‌ಗೆ 3ರಿಂದ 6 ಲೀಟರ್ ಬೇಕಾಗುತ್ತದೆ. ಮುಗಿದುಹೋದರೆ ಎಂಜಿನಿನ ಶಕ್ತಿ ತಾನಾಗಿ ಕುಗ್ಗುತ್ತದೆ.

ಗೊಬ್ಬರದ ಯೂರಿಯಾವನ್ನು ಬಾವಿನೀರಿನಲ್ಲಿ ಕರಗಿಸಿ ಹಾಕಿದರೆ ಹಣ ಉಳಿಯಿತೆಂದು ಭಾವಿಸುವವರಿದ್ದಾರೆ. 2015ರಿಂದ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಆ ಎಣ್ಣೆಯೂ ಬಾವಿನೀರಿನ ಖನಿಜಾಂಶವೂ ಸೇರಿ ಸಿಂಪಡಿಸುವ ನಳಿಕೆಯನ್ನು ಕಟ್ಟಿಸಿ, ಬೆಲೆಬಾಳುವ ವೇಗವರ್ಧಕವನ್ನು ಕೆಡಿಸುತ್ತವೆ. ಅಲ್ಲದೆ ರೈತರ ಸಹಾಯಧನದ ಯೂರಿಯಾವನ್ನು ಅನ್ಯ ಕಾರ್ಯಕ್ಕೆ ಬಳಸುವುದು ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧವಾಗಿದೆ.

ಡಿ.ಇ.ಎಫ್. ಬಹುಕಾಲ ಇಡುವ ವಸ್ತುವೂ ಅಲ್ಲ. 25 ಡಿಗ್ರಿ ಉಷ್ಣಾಂಶದಲ್ಲಿ 18 ತಿಂಗಳು ಬಾಳುವ ದ್ರಾವಣವು 35 ಡಿಗ್ರಿಯಲ್ಲಿ 6 ತಿಂಗಳಿಗೇ ಸತ್ವ ಕಳೆದುಕೊಳ್ಳುತ್ತದೆ. ತಗಡಿನ ಮಾಡಿನ ಕೆಳಗೆ ವರ್ಷದ ದಾಸ್ತಾನು ಮಾಡುವುದರಿಂದ ಲಾಭವಿಲ್ಲ. ಕೈತಪ್ಪಿ ಡಿ.ಇ.ಎಫ್. ಟ್ಯಾಂಕಿಗೆ ಡೀಸೆಲ್, ಡೀಸೆಲ್ ಟ್ಯಾಂಕಿಗೆ ಡಿ.ಇ.ಎಫ್. ಅಥವಾ ಪೆಟ್ರೋಲ್ ಬಿದ್ದರೆ ಕೀಲಿಯನ್ನು ತಿರುಗಿಸಲೇಬಾರದು. ನಿಂತಲ್ಲಿಯೇ ಟ್ಯಾಂಕು ಖಾಲಿ ಮಾಡಿಸಿದರೆ ಖರ್ಚು ಅಲ್ಲಿಗೇ ಮುಗಿಯುತ್ತದೆ. ಎಂಜಿನ್ ಚಾಲೂ ಮಾಡಿದರೆ ಹಾನಿ ಇಡೀ ಇಂಧನ ವ್ಯವಸ್ಥೆಗೆ ಹರಡುತ್ತದೆ. ಈ ಮಾತನ್ನು ಚಾಲಕನಿಗೆ ಮೊದಲ ದಿನವೇ ತಿಳಿಸಿರಬೇಕು.

ಘಾಟಿ ಹತ್ತುವ ಮುನ್ನ

ನಮ್ಮ ಸರಕು ಘಟ್ಟದ ಮೇಲಕ್ಕೆ ಹೋಗುವುದು ಮುಖ್ಯವಾಗಿ ಬಿ.ಸಿ.ರೋಡಿನಿಂದ ಶಿರಾಡಿ ಘಾಟಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಬೆಳ್ತಂಗಡಿ, ಉಜಿರೆಗಳಿಂದ ಚಾರ್ಮಾಡಿಯ ಮೂಲಕ ಹೆದ್ದಾರಿ 73ರಲ್ಲಿ. ಮೂಡುಬಿದಿರೆ, ಕಾರ್ಕಳಗಳಿಂದ ಶಿವಮೊಗ್ಗದತ್ತ ಹೆದ್ದಾರಿ 169ರಲ್ಲಿ. 2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿಯೂ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತುಹೋದುದು ನೆನಪಿರಬಹುದು. ಮಳೆಗಾಲದಲ್ಲಿ ಘನವಾಹನಗಳಿಗೆ ನಿರ್ಬಂಧ ಬಂದರೆ ಸುತ್ತುದಾರಿ ಹಿಡಿಯಬೇಕಾಗುತ್ತದೆ. ಆದುದರಿಂದ ಹೊರಡುವ ಮುನ್ನ ಆ ದಿನದ ಮಾರ್ಗಸ್ಥಿತಿಯನ್ನು ವಿಚಾರಿಸಿ, ಸುತ್ತುದಾರಿಗೂ ಸಾಕಾಗುವಷ್ಟು ಡೀಸೆಲ್‌ನೊಂದಿಗೆ ಘಾಟಿಯನ್ನು ಪ್ರವೇಶಿಸಬೇಕು.

ಕಡಿದಾದ ಏರಿನಲ್ಲಿ ಟ್ಯಾಂಕಿನ ಡೀಸೆಲ್ ಒಂದು ಬದಿಗೆ ಸರಿಯುತ್ತದೆ. ಮಟ್ಟ ತೀರಾ ಕೆಳಗಿದ್ದರೆ ಹೀರುಕೊಳವೆ ಗಾಳಿಯನ್ನೆಳೆದು ಎಂಜಿನ್ ನಿಲ್ಲುತ್ತದೆ. ಪೆಟ್ರೋಲ್ ವಾಹನದಂತೆ ಎರಡು ಲೀಟರ್ ತಂದು ಸುರಿದ ಮಾತ್ರಕ್ಕೆ ಅದು ಮತ್ತೆ ಹೊರಡದು. ಕೈಪಂಪಿನಿಂದ ಗಾಳಿಯನ್ನು ಹೊರದೂಡಬೇಕು. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಇಳಿಸುವುದು ತಪ್ಪು. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ವೇಗವರ್ಧಕದ ಪೆಡಲಿನಿಂದ ಕಾಲು ತೆಗೆದರೆ ಇಂಧನ ಸರಬರಾಜು ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಡೀಸೆಲ್ ಉರಿಯುತ್ತಲೇ ಇರುತ್ತದೆ. ಜೊತೆಗೆ ಎಂಜಿನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಅಗ್ಗದ ಡೀಸೆಲ್‌ನ ಆಮಿಷ

ಹೊಸಬರನ್ನು ಹುಡುಕಿಕೊಂಡು ಬರುವ ಇನ್ನೊಂದು ಅಪಾಯವೆಂದರೆ ಬಿಲ್ಲಿಲ್ಲದ ಡೀಸೆಲ್. ಮೀನುಗಾರಿಕೆ ದೋಣಿಗಳಿಗೆ ತೆರಿಗೆ ವಿನಾಯಿತಿಯಲ್ಲಿ ನೀಡುವ ಡೀಸೆಲ್ಲನ್ನು ಲಾರಿಗೆ ಬಳಸುವಂತಿಲ್ಲ. ಮಂಗಳೂರಿನಿಂದ ಹಾಸನ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ತೈಲ ಕೊಳವೆಮಾರ್ಗ ನಮ್ಮ ತಾಲೂಕುಗಳನ್ನು ಹಾದುಹೋಗುತ್ತದೆ. ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ಅದರ ಪಂಪಿಂಗ್ ಕೇಂದ್ರವಿದೆ. 2021ರಲ್ಲಿ ಬಂಟ್ವಾಳ ತಾಲೂಕಿನಲ್ಲಿಯೇ ಈ ಕೊಳವೆಗೆ ಕನ್ನ ಹಾಕಿ ಡೀಸೆಲ್ ಕದಿಯುತ್ತಿದ್ದ ಪ್ರಕರಣ ಬೆಳಕಿಗೆ ಬಂದಿತ್ತು. ಕಡಿಮೆ ದರಕ್ಕೆ ಕ್ಯಾನುಗಳಲ್ಲಿ ಬರುವ ಡೀಸೆಲ್‌ನ ಮೂಲ ಯಾವುದೆಂದು ಕೊಳ್ಳುವವನಿಗೆ ತಿಳಿಯುವ ಬಗೆಯಿಲ್ಲ. ಕದ್ದ ಮಾಲಾಗಿದ್ದರೆ ಕಾನೂನಿನ ತೊಡಕು. ಸೀಮೆಎಣ್ಣೆ ಬೆರೆತಿದ್ದರೆ ಪಂಪಿಗೆ ಬೇಕಾದ ಜಿಡ್ಡು ಕಡಿಮೆಯಾಗಿ ಇಂಜೆಕ್ಟರುಗಳ ನಾಶ. ಕಲಬೆರಕೆ ಇಂಧನದಿಂದಾದ ಹಾನಿಗೆ ತಯಾರಕರ ವಾರಂಟಿಯೂ ದೊರೆಯದು.

ಸ್ವಂತ ಆವರಣದಲ್ಲಿ ಡೀಸೆಲ್ ಇಟ್ಟುಕೊಳ್ಳುವವರಿಗೆ ಪೆಟ್ರೋಲಿಯಂ ಕಾಯ್ದೆ, 1934ರಲ್ಲಿ ಮಿತಿಯಿದೆ. ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಾಗಿರದಿದ್ದರೆ ಆ ಕಾಯ್ದೆಯಡಿ ಪರವಾನಗಿ ಬೇಕಾಗಿಲ್ಲ. ಆದರೆ ಬೆಂಕಿಯ ಭಯವೂ ಮಳೆನೀರಿನ ಭಯವೂ ಪ್ರಮಾಣ ನೋಡಿ ಬರುವುದಿಲ್ಲ. ಬಂಕು ಹತ್ತಿರವಿರುವವರಿಗೆ ಬ್ಯಾರೆಲಿನ ಗೊಡವೆ ಬೇಡ.

ಲೆಕ್ಕದ ಪುಸ್ತಕ

ಕೊನೆಯದಾಗಿ, ಎಲ್ಲಕ್ಕಿಂತ ಅಗ್ಗದ ಸಾಧನ ಒಂದು ನೋಟು ಪುಸ್ತಕ. ಟ್ಯಾಂಕು ಪೂರ್ತಿ ತುಂಬಿಸಿದಾಗ ಕಿಲೋಮೀಟರ್ ಬರೆದಿಡಬೇಕು. ಮುಂದಿನ ಬಾರಿ ಮತ್ತೆ ಪೂರ್ತಿ ತುಂಬಿಸಿದಾಗ ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಬೇಕು. 1,240 ಕಿಲೋಮೀಟರಿಗೆ 248 ಲೀಟರ್ ಹಿಡಿದರೆ ಲೀಟರಿಗೆ 5 ಕಿಲೋಮೀಟರ್. ತಿಂಗಳಿಗೆ 3,000 ಕಿಲೋಮೀಟರ್ ಓಡುವ ಲಾರಿಯಲ್ಲಿ ಇದು 4.6ಕ್ಕೆ ಇಳಿದರೆ 52 ಲೀಟರ್ ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 4,680 ರೂಪಾಯಿಗಳ ನಷ್ಟ. ಕಾರಣ ಟೈರಿನ ಗಾಳಿ ಕಡಿಮೆಯಾದದ್ದಿರಬಹುದು, ಕಟ್ಟಿದ ಫಿಲ್ಟರು, ಅತಿಭಾರ ಅಥವಾ ಲೋಡಿಂಗಿಗೆ ಕಾಯುವಾಗ ಚಾಲೂ ಇಟ್ಟ ಎಂಜಿನ್ ಇರಬಹುದು. ನಿಂತ ಲಾರಿಯೂ ಎಂಜಿನಿನ ಗಾತ್ರಕ್ಕನುಗುಣವಾಗಿ ಗಂಟೆಗೆ ಒಂದರಿಂದ ಮೂರು ಲೀಟರ್ ಕುಡಿಯುತ್ತದೆ. ಲೆಕ್ಕವಿಲ್ಲದ ಮಾಲೀಕನು ಇಂಥಲ್ಲಿ ಚಾಲಕನನ್ನು ಸಂಶಯಿಸುತ್ತಾನೆ. ಲೆಕ್ಕವಿದ್ದರೆ ಕಾರಣವನ್ನು ಹುಡುಕಬಹುದು. ಪ್ರಾಮಾಣಿಕ ಚಾಲಕನಿಗೂ ಅದೇ ರಕ್ಷಣೆ.

ತೆರಿಗೆಯ ದೃಷ್ಟಿಯಿಂದಲೂ ದಾಖಲೆ ಅಗತ್ಯ. ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಯಲ್ಲಿಲ್ಲದ ಕಾರಣ ಅದರ ಮೇಲೆ ತೆತ್ತ ತೆರಿಗೆಯನ್ನು ಹೊಂದಾಣಿಕೆ ಮಾಡಿಕೊಳ್ಳಲಾಗದು. ಡಿ.ಇ.ಎಫ್. ಹಾಗಲ್ಲ, ಅದು ಜಿ.ಎಸ್.ಟಿ.ಗೆ ಒಳಪಟ್ಟಿರುವುದರಿಂದ ತಮ್ಮ ನೋಂದಣಿ ಸಂಖ್ಯೆಯುಳ್ಳ ಬಿಲ್ಲನ್ನು ಪಡೆದಿರಬೇಕು. ಒಂದೇ ದಿನ ಒಬ್ಬರಿಗೇ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ ಆ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಸಾಮಾನ್ಯವಾಗಿ ಅವಕಾಶವಿಲ್ಲ. ದೊಡ್ಡ ಟ್ಯಾಂಕು ಒಮ್ಮೆ ತುಂಬಿಸಿದರೇ ಈ ಮಿತಿ ದಾಟುವುದರಿಂದ ಬ್ಯಾಂಕಿನ ಮೂಲಕ ಅಥವಾ ಇಂಧನ ಕಾರ್ಡಿನ ಮೂಲಕ ಪಾವತಿಸುವುದು ಸೂಕ್ತ.

ಡೀಸೆಲ್ ದರ ನಮ್ಮ ಕೈಯಲ್ಲಿಲ್ಲ. ನಂಬಿಕಸ್ಥ ಬಂಕು, ಸಂಜೆ ತುಂಬಿದ ಟ್ಯಾಂಕು, ವಾರಕ್ಕೊಮ್ಮೆ ಇಳಿಸಿದ ನೀರು, ತಪ್ಪದೆ ಬರೆದ ಲೆಕ್ಕ ಇವು ನಾಲ್ಕೂ ನಮ್ಮ ಕೈಯಲ್ಲಿವೆ. ಹೊಸದಾಗಿ ಲಾರಿ ಕೊಂಡ ವ್ಯಾಪಾರಸ್ಥರು ಮತ್ತು ಸಣ್ಣ ಉದ್ಯಮಿಗಳು ಇವಿಷ್ಟನ್ನು ಮೊದಲ ತಿಂಗಳಿನಿಂದಲೇ ರೂಢಿಸಿಕೊಂಡರೆ, ಕಂತು ತೀರುವವರೆಗೆ ಮಾತ್ರವಲ್ಲದೆ ಆ ಬಳಿಕವೂ ಲಾರಿ ದುಡಿಯುತ್ತಿರುವುದು.