ಪಾತ್ರೆಗಳು ಹೇಳುವ ಚರಿತ್ರೆ

ಶೈಕ್ಷಣಿಕ ಪ್ರವಾಸದಲ್ಲಿ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗುವ ವಿದ್ಯಾರ್ಥಿಗಳು ಹೆಚ್ಚು ಹೊತ್ತು ನಿಲ್ಲುವುದು ಎರಡೇ ಕಡೆ: ಕೃಷ್ಣದೇವರಾಯ ಮತ್ತು ಅವನ ರಾಣಿಯರ ಪ್ರತಿಮೆಗಳ ಎದುರು, ಆಮೇಲೆ ಹಂಪಿಯ ಬೆಟ್ಟ, ಹೊಳೆ, ಗುಡಿಗಳನ್ನು ತೋರಿಸುವ ದೊಡ್ಡ ಮಾದರಿಯ ಸುತ್ತ. ಉತ್ಖನನದಲ್ಲಿ ದೊರೆತ ಪಿಂಗಾಣಿ ಚೂರುಗಳ ಮುಂದೆ ನಿಲ್ಲುವವರು ಕಡಿಮೆ. ನೀವು ಹೋದಾಗ ಅಲ್ಲಿ ಹತ್ತು ನಿಮಿಷ ನಿಲ್ಲಿ.

ಪಿಂಗಾಣಿ ಚೀನಾದ ವಿದ್ಯೆ. ಕೇಯೊಲಿನ್ ಎಂಬ ಬಿಳಿ ಜೇಡಿಗೆ ಕಲ್ಲಿನ ಪುಡಿ ಬೆರೆಸಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ, ಆ ಪುಡಿ ಕರಗಿ ಗಾಜಿನಂತಾಗಿ ಕಣಗಳ ನಡುವಿನ ಸಂದುಗಳನ್ನು ಮುಚ್ಚುತ್ತದೆ. ನಮ್ಮ ಮಣ್ಣಿನ ಮಡಕೆ ಬೆವರುತ್ತದೆ, ಪಿಂಗಾಣಿ ಬೆವರದು. ಯುರೋಪಿನವರಿಗೆ ಈ ಗುಟ್ಟು ದಕ್ಕಿದ್ದು 1708ರ ಸುಮಾರಿಗೆ, ಜರ್ಮನಿಯಲ್ಲಿ. ಅದಕ್ಕೂ ಬಹಳ ಮೊದಲೇ ಚೀನಾದ ಬಟ್ಟಲುಗಳು ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದು ವಿಜಯನಗರವನ್ನು ಸೇರಿದ್ದವು. ಅವುಗಳಲ್ಲಿ ಚಹಾ ಕುಡಿದರೆಂದು ಭಾವಿಸಬೇಡಿ. ಚಹಾ ನಮ್ಮ ಮನೆಮನೆಗೆ ಬಂದದ್ದು 20ನೇ ಶತಮಾನದಲ್ಲಿ.

ಹಾಗಾದರೆ ಅಷ್ಟು ದೊಡ್ಡ ನಗರದ ತಾಮ್ರ, ಹಿತ್ತಾಳೆಯ ಪಾತ್ರೆಗಳೆಲ್ಲ ಎಲ್ಲಿ ಹೋದವು? 1565ರ ಯುದ್ಧದ ನಂತರ ನಗರ ಸೂರೆಯಾಯಿತು. ಲೋಹವನ್ನು ಹೊತ್ತೊಯ್ಯಬಹುದು, ಕರಗಿಸಿ ಮತ್ತೆ ಬಳಸಬಹುದು. ಒಡೆದ ಪಿಂಗಾಣಿ ಯಾರಿಗೆ ಬೇಕು? ಹಂಪಿಯ ಭೋಜನಶಾಲೆಯಲ್ಲಿ ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲೇ ಕೊರೆದ ತಟ್ಟೆಗಳು, ಪಲ್ಯ-ಸಾರುಗಳಿಗೆಂಬಂತೆ ಅದರಲ್ಲೇ ತೋಡಿದ ಗುಳಿಗಳು ಇಂದಿಗೂ ಇವೆ. ಅವನ್ನು ಯಾರೂ ಒಯ್ಯಲಿಲ್ಲ. ಆದ್ದರಿಂದ ಸಂಗ್ರಹಾಲಯದಲ್ಲಿ ಕಾಣುವುದನ್ನು ಮಾತ್ರ ನೋಡಿ ಆ ಕಾಲದ ಅಡುಗೆಮನೆಯನ್ನು ಅಳೆಯಬಾರದು.

ರಷ್ಯಾದ ತೂಲಾ ನಗರದ ಕಥೆ ಬೇರೆ. ಮಾಸ್ಕೋದ ದಕ್ಷಿಣಕ್ಕಿರುವ ಈ ಊರಿನಲ್ಲಿ ಲಿಸಿತ್ಸಿನ್ ಸಹೋದರರು 1778ರಲ್ಲಿ ಸಮೋವಾರ್ ತಯಾರಿಸತೊಡಗಿದರು. 1990ರಲ್ಲಿ ಅಲ್ಲಿ ಸಮೋವಾರ್‌ಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಸಮೋವಾರ್ ಎಂದರೆ ಚಹಾಕ್ಕೆ ನೀರು ಕಾಯಿಸುವ ಲೋಹದ ಪಾತ್ರೆ. ನಡುವೆ ಒಂದು ಕೊಳವೆ, ಅದರೊಳಗೆ ಕೆಂಡ, ಸುತ್ತ ನೀರು, ಕೆಳಗೆ ನಲ್ಲಿ. ಬಿಸಿಗಾಳಿ ಕೊಳವೆಯಲ್ಲಿ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ನುಗ್ಗಿ ಕೆಂಡವನ್ನು ಉರಿಸುತ್ತದೆ. ಮೇಲೆ ಕೂರಿಸಿದ ಚಿಕ್ಕ ಕೆಟಲಿನಲ್ಲಿ ಗಟ್ಟಿ ಡಿಕಾಕ್ಷನ್ ಬೆಚ್ಚಗಿರುತ್ತದೆ. ಬೇಕಾದಷ್ಟು ಬಗ್ಗಿಸಿಕೊಂಡು ನಲ್ಲಿಯ ಬಿಸಿನೀರು ಬೆರೆಸುತ್ತಾರೆ.

ಇದನ್ನು ಎಲ್ಲೋ ನೋಡಿದಂತಿದೆಯಲ್ಲವೆ? ನಮ್ಮ ಬಚ್ಚಲುಮನೆಯ ತಾಮ್ರದ ಬಾಯ್ಲರ್ ಕೆಲಸ ಮಾಡುವುದೂ ಇದೇ ತತ್ವದಿಂದ. ಗ್ಯಾಸ್, ಗೀಸರ್ ಬಂದಮೇಲೆ ಅದು ಅಟ್ಟ ಸೇರಿತು. ಗುಜರಿಯವನು ಅದನ್ನು ತೂಕಕ್ಕೆ ಕೊಳ್ಳುತ್ತಾನೆ. ನಿಮ್ಮ ಮನೆಯಲ್ಲಿ ಒಂದಿದ್ದರೆ, ಕೊಡುವ ಮುನ್ನ ಅಳತೆ ಹಾಕಿ ಚಿತ್ರ ಬರೆದುಕೊಳ್ಳಿ. ಯಾವ ಊರಿನಿಂದ ತಂದದ್ದು, ಎಷ್ಟು ಕೊಟ್ಟದ್ದು ಎಂದು ಅಜ್ಜಿಯನ್ನು ಕೇಳಿ.